ನಡುಗುವ ಕೈಯ ಜೊತೆಗಾರ

ಹುಡುಗನ ಕೈ ಇವತ್ತು ನಿನ್ನೆಗಿಂತ ಹೆಚ್ಚು ನಡುಗುತ್ತಿತ್ತು. ಹದಿನೇಳನೆಯ ಮಹಡಿಯ ತಾರಸಿಯಲ್ಲಿ ಹಗ್ಗದ ಸುರುಳಿ ಬಿಚ್ಚುತ್ತ ಮೇಸ್ತ್ರಿ ಅದನ್ನೇ ನೋಡುತ್ತಿದ್ದ.

ಗಾಜಿನ ಕಟ್ಟಡಗಳನ್ನು ಹೊರಗಿನಿಂದ ತೊಳೆಯುವವರಿಗೆ ಒಂದು ಕಟ್ಟಳೆಯಿದೆ. ತಾನು ಕಟ್ಟಿದ ಗಂಟನ್ನು ತಾನೇ ನಂಬುವಂತಿಲ್ಲ. ಜೊತೆಗಾರ ಎಳೆದು ನೋಡಿ ಭುಜ ತಟ್ಟಿದ ಮೇಲೆಯೇ ತಾರಸಿಯ ಅಂಚಿನ ಕಟ್ಟೆ ದಾಟಿ ಇಳಿಯಬೇಕು.

ಅಂಥ ಕೆಲಸಕ್ಕೆ ಈ ಹುಡುಗ. ವಯಸ್ಸು ಇಪ್ಪತ್ಮೂರು. ಸಂಜೆಯಾದರೆ ಕುಡಿತ, ಬೆಳಗಿನ ಜಾವದವರೆಗೂ ಮೊಬೈಲು, ನಡುನಡುವೆ ಸಿಗರೇಟಿಗೆ ತುಂಬಿದ ಗಾಂಜಾ ಸೊಪ್ಪು. ಗಂಟಿನ ಕಡೆ ಕಣ್ಣೂ ಹಾಯಿಸದೆ ಭುಜ ತಟ್ಟಿಬಿಡುತ್ತಾನೆಂದು ಎಲ್ಲರ ದೂರು. ಗಡಗಡ ಎಂದು ಹೆಸರಿಟ್ಟು, ಅವನ ಜೊತೆ ಇಳಿಯುವುದಿಲ್ಲ ಎಂದು ಉಳಿದ ಏಳು ಮಂದಿಯೂ ಕೈ ಕೊಡವಿದರು. ಮಾಲೀಕ ಅವನನ್ನು ಕೆಲಸದಿಂದ ಬಿಡಿಸುವುದರಲ್ಲಿದ್ದ. ಮೇಸ್ತ್ರಿಯೇ ಅಡ್ಡ ಬಂದು, ತನ್ನ ಜೋಡಿಗೆ ಹಾಕಿ ಎಂದು ಕೇಳಿಕೊಂಡ.

"ನೀನೇನು ಅವನ ಹೆತ್ತಮ್ಮನಾ?" ಎಂದು ವ್ಯಾನಿನ ಡ್ರೈವರ್ ಛೇಡಿಸಿದ. "ಅವನ ಜೊತೆ ಹೋದ್ರೆ ನೆಟ್ಟಗೆ ನೆಲಕ್ಕೇ ಇಳೀತೀಯ, ನೋಡ್ತಿರು."

ಮೇಸ್ತ್ರಿ ಬಾಯಲ್ಲಿದ್ದ ಪೆಪ್ಪರ್‌ಮೆಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ಸುಮ್ಮನೆ ನಕ್ಕ.

ಅವನಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಒಂಟಿ ಕೋಣೆ, ಇಸ್ತ್ರಿ ಮಾಡಿದ ಅಂಗಿ, ತಾನಾಯಿತು ತನ್ನ ಕೆಲಸವಾಯಿತು. ಹನ್ನೊಂದು ವರ್ಷದಲ್ಲಿ ಒಂದು ಗಂಟೂ ತಪ್ಪಿದವನಲ್ಲ. ಈಚೆಗೆ ಕಣ್ಣು ಕೆಂಪಗಿರುತ್ತಿತ್ತು. ಪಾಪ, ಆ ಹುಡುಗನ ಚಿಂತೆಯಲ್ಲಿ ನಿದ್ದೆಗೆಟ್ಟಿದ್ದಾನೆ ಎಂದು ಎಲ್ಲರೂ ಮರುಗಿದರು. ಇವತ್ತು ಬೆಳಿಗ್ಗೆ ತನ್ನ ಹೊಸ ಕೈಗವಸುಗಳನ್ನು ಹುಡುಗನ ಕೈಗಿಟ್ಟು, "ಇಟ್ಕೋ, ನಂಗಿನ್ನು ಬೇಡ" ಎಂದಿದ್ದ.

ಈಗ ಮೇಸ್ತ್ರಿ ಹುಡುಗನ ಗಂಟನ್ನು ಎರಡು ಸಲ ಎಳೆದು ನೋಡಿದ. ಭುಜ ತಟ್ಟಿದ. ಬೆನ್ನು ತಿರುಗಿಸಿ ಕಾದ.

ತಟ್ಟುವ ಕೈ ಬರಲಿಲ್ಲ.

"ಬೇಗ ತಟ್ಟೋ. ಬಿಸಿಲೇರ್ತಾ ಇದೆ."

"ಇದು ಕುಡಿದ ನಡುಕ ಅಲ್ಲಣ್ಣ. ಬಿಟ್ಟು ನಾಲ್ಕು ದಿನ ಆಯ್ತು" ಎಂದ ಹುಡುಗ. ಆಸ್ಪತ್ರೆಗೆ ಹೋಗಿ ಔಷಧಿ ತಂದಿದ್ದನಂತೆ, ನಡುಕ ಇಳಿಯಲು ಇನ್ನೂ ಕೆಲವು ದಿನ ಬೇಕಂತೆ. "ಎಲ್ರೂ ಬೇಡ ಅಂದಾಗ ನೀವೊಬ್ರು ನನ್ನ ನಂಬಿದ್ರಿ. ಇನ್ಮೇಲಾದ್ರೂ ನಿಮ್ಮ ಗಂಟು ಸರಿಯಾಗಿ ನೋಡ್ಬೇಕಲ್ವಾ."

ನಡುಗುವ ಬೆರಳುಗಳು ಹಗ್ಗದ ಗುಂಟ ಸರಿದವು. ನಿಂತವು. ಮರುಗಳಿಗೆ ಎರಡೂ ಕೈ ಮೇಸ್ತ್ರಿಯ ಸೊಂಟದ ಪಟ್ಟಿಯನ್ನು ಬಿಗಿಯಾಗಿ ಹಿಡಿದು, ಅವನನ್ನು ಕಟ್ಟೆಯಿಂದ ಹಿಂದಕ್ಕೆ ಎಳೆದು ಕೂರಿಸಿದವು. ಮೇಸ್ತ್ರಿಯ ಉಸಿರು ಹುಡುಗನ ಮುಖಕ್ಕೆ ಬಡಿಯಿತು. ಪೆಪ್ಪರ್‌ಮೆಂಟನ್ನೂ ಮೀರಿ ಬಂದ ಆ ವಾಸನೆ ಯಾವುದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಅಣ್ಣ, ನೀವು ಗಂಟು ಕಟ್ಟೇ ಇಲ್ಲ."

ಮೇಸ್ತ್ರಿ ಮುಖ ಮುಚ್ಚಿಕೊಂಡ. ಅಷ್ಟು ಜನರಲ್ಲಿ ಜೊತೆಗಾರನ ಗಂಟನ್ನು ಎಂದೂ ನೋಡದವನು ಇವನೊಬ್ಬನೇ ಎಂದು ಖಚಿತ ಮಾಡಿಕೊಂಡೇ ಅವನು ಈ ಹುಡುಗನನ್ನು ಕೇಳಿ ಪಡೆದಿದ್ದ.