ಊರಾಗಿಲ್ಲದ ಅಪ್ಪ

"ಅಪ್ಪ ಊರಾಗಿಲ್ಲ. ಅತ್ತಿ ಊರಿಗೆ ಹೋಗ್ಯಾನ. ಯಾವಾಗ ಬರ್ತಾನ ನಮಗ ಗೊತ್ತಿಲ್ಲ."

ಬಾಗಿಲಲ್ಲಿ ನಿಂತ ಗಡ್ಡದ ಮನುಷ್ಯನಿಗೆ ಐದು ವರ್ಷದ ನಿಂಬೆವ್ವ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಆ ಮನುಷ್ಯನೇ ಅವಳ ಅಪ್ಪ ಚಂದ್ರಾಮ. ರಜಾಕಾರರ ಕೈಗೆ ಸಿಗಬಾರದೆಂದು ಸರಸಂಬಾ ಬಿಟ್ಟು, ಗಡಿಯಾಚೆ ಸೋಲಾಪುರದ ಕಡೆ ಹೋರಾಟಗಾರರ ಶಿಬಿರ ಸೇರಿ ಒಂದು ವರ್ಷವಾಗಿತ್ತು. ಮಿಲಿಟರಿ ಬಂತು, ನಿಜಾಮನ ಆಳಿಕೆ ಮುಗಿಯಿತು ಎಂದು ಕೇಳಿದ್ದೇ ತಡ, ನಡೆದುಕೊಂಡೇ ಬಂದಿದ್ದ.

ರೊಟ್ಟಿ ಬಡಿಯುತ್ತಿದ್ದ ಕಾಶಿಬಾಯಿ ಓಡಿ ಬಂದಳು. ಗಂಡನನ್ನು ಕಂಡು ಸೆರಗು ಸರಿಮಾಡಿಕೊಳ್ಳಲು ಹೋಗಿ ಮುಖಕ್ಕೆಲ್ಲ ಹಿಟ್ಟು ಮಾಡಿಕೊಂಡಳು. "ಯಾರ ಕೇಳಿದ್ರೂ ಹಿಂಗ ಹೇಳಬೇಕಂತ ನಾನೇ ಕಲಿಸೇನ್ರಿ!"

"ಛಲೋ ಕಲಿಸೀದಿ. ನನ್ನನ್ನೇ ಹೊರಗ ಹಾಕಾಕತ್ತಾಳ."

ಅವನು ಕೈಚಾಚಿದ. ಮಗಳು ತಾಯಿಯ ಹಿಂದೆ ಅಡಗಿದಳು. "ಇಂವ ನಮ್ಮಪ್ಪ ಅಲ್ಲ. ನಮ್ಮಪ್ಪಗ ಗಡ್ಡ ಇಲ್ಲ." ಚಂದ್ರಾಮನ ನಗು ಅರ್ಧಕ್ಕೇ ನಿಂತಿತು. ದಾರಿಯುದ್ದಕ್ಕೂ ಅವನು ನೆನೆಸಿಕೊಂಡು ಬಂದದ್ದು ಈ ಮಗಳು 'ಅಪ್ಪಾ' ಅನ್ನುವುದನ್ನು.

"ಕಾಶಿ, ನನ್ನ ಕತ್ತಿ ಎಲ್ಲದ?"

"ಇವತ್ತ ಮಂಗಳವಾರರಿ! ಗಡ್ಡ ಮುಟ್ಟಂಗಿಲ್ಲ." ಅಂದವಳು ಮಗಳ ಕಡೆ ನೋಡಿದಳು. "ಇರಲಿ ತಗೋರಿ. ಈ ವಾರದ ಮಂಗಳವಾರ ನಾಳೆ ಮಾಡಿದ್ರಾತು." ಜಂತಿಯ ಸಂದಿಗೆ ಕೈಹಾಕಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮಡಚುಗತ್ತಿ, ಬ್ರಷ್ಶಿನ ಗಂಟು ಇಳಿಸಿದಳು.

ಚಂದ್ರಾಮ ಹಿಂದೆ ಗಿರಣಿಯಲ್ಲಿದ್ದಾಗ ತನ್ನ ಗಡ್ಡ ತಾನೇ ಮಾಡಿಕೊಳ್ಳಲು ಕಲಿತವನು. ಕತ್ತರಿಯಿಂದ ಗಡ್ಡ ಮೋಟು ಮಾಡಿ, ಹಿತ್ತಾಳೆ ಬಟ್ಟಲಲ್ಲಿ ಸಾಬೂನಿನ ನೊರೆ ಎಬ್ಬಿಸಿದ. ಬೇಕೆಂತಲೇ ಬ್ರಷ್ಶನ್ನು ಮೂಗಿನ ತುದಿಗೆ ಒರೆಸಿಕೊಂಡ.

"ಏ, ಮೂಗಿಗೆ ಹಚ್ಚಂಗಿಲ್ಲ!" ನಿಂಬೆವ್ವ ತಡೆಯಲಾರದೆ ಬಂದು ಬ್ರಷ್ ಕಸಿದುಕೊಂಡಳು. ಅವನ ಗಲ್ಲ, ಗದ್ದ, ಕಿವಿ, ಎಲ್ಲಕ್ಕೂ ಬಳಿದಳು. ಉಳಿದದ್ದು ತನ್ನ ಗದ್ದಕ್ಕೆ. ಚಂದ್ರಾಮ ಕಟ್ಟಿಗೆಯ ಹಣಿಗೆ ಕೊಟ್ಟ. ಅದರ ಬೆನ್ನಿನಿಂದ ಒಮ್ಮೆ ಅವನ ನೊರೆ, ಒಮ್ಮೆ ತನ್ನ ನೊರೆ ಕೆರೆದಳು.

"ಮಗಳದು ನುಣ್ಣಗ ಆತು. ನಿಮ್ದು ಹಂಗೇ ಅದರಿ," ಕಾಶಿಬಾಯಿ ನಕ್ಕಳು.

ಚಂದ್ರಾಮ ಮತ್ತೆ ನೊರೆ ಹಚ್ಚಿಕೊಂಡು, ಟಕ್ಕೆಂದು ಕತ್ತಿ ಬಿಚ್ಚಿದ.

ಸದ್ದು ಕೇಳಿದ್ದೇ ನಿಂಬೆವ್ವ ಹಣಿಗೆ ಬಿಟ್ಟು ಓಡಿದಳು. ಮೂಲೆಯ ಜೋಳದ ಚೀಲ ಹತ್ತಿ ಕುಳಿತು, ಎರಡೂ ಕೈಯಿಂದ ಕಿವಿ ಹಿಡಿದುಕೊಂಡಳು. ಕತ್ತಿ ಬಿಚ್ಚಿದರೆ ಚೀಲದ ಮೇಲೆ, ಕೈ ಎರಡೂ ಕಿವಿಗೆ, ಮುಚ್ಚುವ ತನಕ ಇಳಿಯುವಂತಿಲ್ಲ. ಊರು ಬಿಡುವ ಮುಂಚೆ, ಗಡ್ಡ ಮಾಡಿಕೊಳ್ಳುವಾಗೆಲ್ಲ, ಚಂದ್ರಾಮ ಮಗಳಿಗೆ ಹಾಕಿದ್ದ ಕಟ್ಟಳೆ ಅದು.

"ಇದನ್ನ ನಾ ಕಲಿಸಿಲ್ರಿ," ಎಂದಳು ಕಾಶಿಬಾಯಿ, ಸಣ್ಣ ದನಿಯಲ್ಲಿ.

ಚಂದ್ರಾಮ ಕತ್ತಿ ಹಿಡಿದೇ ಮಗಳ ಕಡೆ ತಿರುಗಿದ. ಆಮೇಲೆ ಮೆಲ್ಲಗೆ ಒಂದು ಗಲ್ಲ ನುಣ್ಣಗಾಯಿತು. ಚೀಲದ ಮೇಲಿನ ಕಣ್ಣುಗಳು ಅರಳಿದವು.

"ಅಪ್ಪಾ! ಆ ಕಡೀನೂ ಮಾಡು, ಲಗೂನ!"

ಅಷ್ಟರಲ್ಲಿ ಓಣಿಯಲ್ಲಿ ನೆರೆಮನೆಯ ಧರ್ಮಣ್ಣನ ದನಿ, ಖುಷಿಗೆ ಒಡೆದುಹೋಗುವಂತಿತ್ತು: "ಚಂದ್ರಾಮ ಬಂದಾನಂತ ಖರೇನೇನಬೇ ಕಾಶಿಬಾಯಿ? ಎಲ್ಲಿದ್ದಾನ ಅಂವ?"

ಓಗೊಡಲು ಚಂದ್ರಾಮ ಕತ್ತಿ ಮುಚ್ಚಿದ. ಟಕ್ಕೆಂದದ್ದೇ ನಿಂಬೆವ್ವ ಚೀಲದಿಂದ ಜಿಗಿದು ಬಾಗಿಲಿಗೆ ಓಡಿದಳು. ಎರಡೂ ಕೈ ಚಾಚಿ, ಬಾಗಿಲಿಗೆ ಅಡ್ಡ ನಿಂತಳು. ಗದ್ದದ ಮೇಲೆ ಇನ್ನೂ ನೊರೆ.

"ನಮ್ಮಪ್ಪ ಊರಾಗಿಲ್ಲ!"