ಉಬ್ಬರದ ನಿದ್ದೆ

ಬಂದರು ಕಂಪನಿಯವರು ಕಡಲಲ್ಲಿ ಸಾಕಿದ ಬಸವನಹುಳುಗಳು ನೀರಿಗೆ ಮಂಪರು ಬರಿಸುವ ವಿಷ ಬಿಟ್ಟು, ತೂಕಡಿಸುವ ಮೀನುಗಳನ್ನು ನುಂಗುತ್ತಿದ್ದವು. ಉಬ್ಬರದ ಗಾಳಿಯಲ್ಲಿ ಆ ಮಂಪರು ಕೇರಿಗೂ ಬರುತ್ತಿತ್ತು. ಆಗ ಎಲ್ಲರೂ ಚಾಪೆ ಹಾಸಿ ಮಲಗುವರು. ಏಳುವಷ್ಟರಲ್ಲಿ ಕಂಪನಿಯ ಬೇಲಿ ಇನ್ನಷ್ಟು ಒಳಗೆ ಬಂದಿರುತ್ತಿತ್ತು.

ಒಂದು ದಿನ ದುರ್ಗಿಯ ಬಾವಿಯೇ ಬೇಲಿಯಾಚೆ ಹೋಗಿತ್ತು. ಕೊಡ ಹಿಡಿದು ನಿಂತವಳಿಗೆ ಮೈಯೆಲ್ಲ ಉರಿಯಿತು.

"ಬೇಲಿ ಮೊದ್ಲಿಂದ್ಲೂ ಅಲ್ಲೇ ಇತ್ತಲ್ಲೇ," ಎಂದು ಮಂಪರು ಇಳಿಯದ ಗಂಡ ಜಟ್ಟಪ್ಪ ಆಕಳಿಸಿದ.

ಮರುದಿನದ ಉಬ್ಬರಕ್ಕೆ ದುರ್ಗಿ ಮಂಪರು ಹತ್ತದಂತೆ ಖಾರದ ಜೀರಿಗೆ ಮೆಣಸು ಜಗಿಯುತ್ತ ಎಚ್ಚರವಿದ್ದಳು. ಮುಖಕ್ಕೆ ಮಾಸ್ಕ್ ಹಾಕಿದ ಕಂಪನಿಯ ಆಳುಗಳು ಬೇಲಿ ಕಂಬ ಹೊತ್ತು ಅಂಗಳಕ್ಕೇ ಬಂದಾಗ, ಗೊರಕೆ ಹೊಡೆಯುತ್ತಿದ್ದ ಗಂಡನ ಬಾಯಿಗೆ ಹಿಡಿ ಮೆಣಸು ತುರುಕಿದಳು.

"ಉಗುಳಿದ್ರೆ ನನ್ನಾಣೆ! ಜಗೀರಿ!"

ಜಟ್ಟಪ್ಪ ಕೆಮ್ಮಿ, ಕಣ್ಣೀರು ಸುರಿಸಿ, ಕಣ್ಣು ಬಿಟ್ಟ. "ಹೋಯ್! ಅದು ನಮ್ಮ ಬಾವಿ ಅಲ್ವನೇ!"

ದುರ್ಗಿ ಉಳಿದ ಮೆಣಸನ್ನು ಸೆರಗಿಗೆ ಕಟ್ಟಿಕೊಂಡು ಪಕ್ಕದ ಮನೆಯ ಬಾಗಿಲು ಒದ್ದಳು.