ಓಣಿಯ ನಲ್ಲಿ

ಓಣಿಯ ಹೆಂಗಸರು ತಂದ ಪುರಸಭೆಯ ಠರಾವನ್ನು ಸುವರ್ಣಾ ಎರಡನೇ ಸಲ ಓದುತ್ತಿದ್ದಳು. ಓಣಿಯ ನಲ್ಲಿಯನ್ನು ತೆಗೆಯಬೇಕೆಂದು ಅದರಲ್ಲಿತ್ತು. ಕೆಳಗೆ, ವಾರ್ಡಿನ ಸದಸ್ಯೆಯ ಒಪ್ಪಿಗೆಯೆಂದು, ಅವಳದೇ ಸಹಿ. ಗಂಡ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಓದದೆಯೇ ಹಾಕಿದ್ದಳು.

“ನಲ್ಲಿ ಹೋದ್ರ ನೀರಿಗೆ ಎಲ್ಲಿ ಹೋಗ್ತೀರಿ?”

“ಕೆರಿಗೆ. ಈ ಸೊಂಟಾ ತಗೊಂಡು!” ಫಕೀರವ್ವ ನಕ್ಕಳು. ಉಳಿದವರು ನಗಲಿಲ್ಲ. “ನಿಮಗೇನ್ರಿ, ಮನ್ಯಾಗ ಬೋರ್ ಐತಿ.”

ಅವರಿಗೆಂದು ತಾನೇ ತಂದಿಟ್ಟ ನೀರಿನ ತಂಬಿಗೆಯತ್ತ ಸುವರ್ಣಾಳಿಗೆ ನೋಡಲಾಗಲಿಲ್ಲ. ಎದ್ದು ಹೋಗಿ ಹಾಳೆ, ಪೆನ್ನು ತಂದಳು. ಗಂಡನಿಗೆ ಏನು ಹೇಳುವುದೆಂದು ಒಂದು ಗಳಿಗೆ ಅಂಜಿದಳು. ಆಮೇಲೆ, ನಲ್ಲಿ ತೆಗೆಯುವುದಕ್ಕೆ ತನ್ನ ವಿರೋಧವಿದೆ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು, ಆರಿಸಿ ಬಂದ ಮೇಲೆ ಮೊದಲ ಸಲ ಯಾರನ್ನೂ ಕೇಳದೆ ಸಹಿ ಹಾಕಿದಳು.

“ತಪ್ಪಾತು ನಂದು. ತಗೋರಿ, ಇದನ್ನ ಆಫೀಸಿಗೆ ಕೊಡ್ರಿ.”

ಫಕೀರವ್ವ ಕೈ ಚಾಚಲಿಲ್ಲ.

“ಬ್ಯಾಡ್ರಿ ಅಕ್ಕಾರ. ನಮಗ ಮೆಂಬರ್ ಸಹಿ ಬೇಕು. ನಿಮ್ಮನಿ ಸಾಹೇಬ್ರು ಬರೂತನಕ ಇಲ್ಲೇ ಕುಂಡ್ರತೀವಿ.”